ಶಶಿರೇಖಳ ಆರು ಬಟನ್‌ಗಳು ಮತ್ತು ಸೀನಪ್ಪನ ಸೊಟ್ಟ ಬಾಯಿ

ಮೊದಲಿಗೇ ಕ್ಷಮಿಸಿ ಅಂತ ಬರೆದುಬಿಡುತ್ತೇನೆ. ನನ್ನ ಅಕ್ಷರ ಗೆರೆಯ ಮೇಲೆ ನಿಲ್ಲುವುದಿಲ್ಲ, ಬಲಕ್ಕೆ ಹೋಗುತ್ತಾ ಹೋಗುತ್ತಾ ಇಳಿದುಬಿಡುತ್ತದೆ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟಿದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ಗೊತ್ತಿಲ್ಲದ್ದನ್ನು ಕೇಳಿ, ಕೇಳಿದ್ದನ್ನು ಇನ್ನೊಂದು ಸಲ ಕೇಳಿ ಬರೆದಿದ್ದೇನೆ. ಶಶಿರೇಖಳ ಮಾವ ಜಯರಾಮಪ್ಪ ತಾತ ಒಂದೇ ಸಂಗತಿಯನ್ನು ಮೂರು ಥರ ಹೇಳಿದರು. ಅವರು ಎಲ್ಲಕ್ಕಿಂತ ಕಡಿಮೆ ಶೂರರಾಗಿ ಕಾಣುವುದು ಯಾವುದೋ ಅದನ್ನೇ ನಿಜ ಅಂತ ಆರಿಸಿಕೊಂಡಿದ್ದೇನೆ.

ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಶಶಿರೇಖ ಎಲ್ಲಿ ಅಂತ ಕೇಳಿದರೆ ಜನ ಒಂದು ಕ್ಷಣ ಯೋಚಿಸುತ್ತಾರೆ. ಎಡಗೈ ಶಶಿ ಅಂದರೆ ಮಾತ್ರ ಕೂಡಲೇ ಬಾಗಿಲು ತೋರಿಸುತ್ತಾರೆ. ಅವಳು ಬಂಗಾರಪೇಟೆ ಕಡೆಯ ಹಳ್ಳಿಯವಳು. ಎಡಗೈ ಬಳಸಬಾರದು ಅಂತ ಚಿಕ್ಕಂದಿನಲ್ಲಿ ಅಜ್ಜಿ ಅವಳ ಕೈಯನ್ನು ಲಂಗದ ಲಾಡಿಗೆ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದಳು. ಅವಳು ಬಲಗೈಯಲ್ಲಿ ಊಟ ಮಾಡುವುದನ್ನು ಕಲಿತಳು, ಎಡಗೈಯಲ್ಲಿ ಲಾಡಿ ಬಿಚ್ಚುವುದನ್ನೂ ಕಲಿತಳು. ಮದುವೆಯಲ್ಲಿ ಗಂಡನ ತಲೆಯ ಮೇಲೆ ಅಕ್ಕಿಯನ್ನು ಎಡಗೈಯಲ್ಲಿ ಸುರಿದಾಗ ಗಂಡಿನ ಕಡೆಯ ಹೆಂಗಸರು ಎದೆ ಹಿಡಿದುಕೊಂಡರು. ಹುಡುಗ ಹೆಚ್ಚು ದಿನ ಬಾಳುವುದಿಲ್ಲ ಅಂತ ಪುರೋಹಿತರೂ ಮುಖ ಸಣ್ಣಗೆ ಮಾಡಿದರು. ಹದಿನೇಳು ವರ್ಷ ಆಯಿತು, ಗಂಡ ಸುಧಾಕರ ದಿನಾ ಹಾಲಿನ ವ್ಯಾನ್ ಓಡಿಸಿಕೊಂಡು ಗುಂಡುಕಲ್ಲಿನ ಹಾಗಿದ್ದಾನೆ. ಪುರೋಹಿತರೇ ಹೋಗಿಬಿಟ್ಟರು. ಅವರ ಶ್ರದ್ಧಾಂಜಲಿ ಚಿತ್ರ ಬರೆದವಳೂ ಶಶಿರೇಖಳೇ, ಅದೇ ಎಡಗೈಯಲ್ಲಿ.

ಅವಳ ಕೆಲಸ ಅದು. ಸತ್ತವರ ಮುಖ ಬರೆಯುವುದು. ನಮ್ಮ ಕಡೆ ಹಿಂದಿನವರಿಗೆ ಇದ್ದದ್ದು ಒಂದೋ ಎರಡೋ ಫೋಟೋ. ಅದರಲ್ಲಿ ಒಂದನ್ನು ಇಲಿ ತಿಂದಿರುತ್ತದೆ, ಇನ್ನೊಂದರಲ್ಲಿ ಸತ್ತವರು ಯಾರದೋ ಮದುವೆಯ ಹಿಂದಿನ ಸಾಲಿನಲ್ಲಿ ಬಾಯಿಗೆ ಲಾಡು ಹಾಕಿಕೊಳ್ಳುತ್ತಿರುತ್ತಾರೆ. ಅಂಥದ್ದನ್ನು ನೋಡಿಕೊಂಡು, ಮನೆಯವರು ಹೇಳಿದ್ದನ್ನು ಕೇಳಿಕೊಂಡು, ಶಶಿರೇಖ ಪೆನ್ಸಿಲಿನಲ್ಲಿ ಮುಖ ಬರೆಯುತ್ತಾಳೆ. ಅದನ್ನು ಮೊಬೈಲಿನಲ್ಲಿ ತೆಗೆದು ಬಂಗಾರಪೇಟೆಯ ನಾಗೇಶನ ಫ್ಲೆಕ್ಸ್ ಅಂಗಡಿಗೆ ವಾಟ್ಸಾಪ್ ಮಾಡುತ್ತಾಳೆ. ಅಲ್ಲಿ ಕಂಪ್ಯೂಟರ್ ಕೆಲಸದ ವನಿತಾ ಆ ಮುಖಕ್ಕೆ ಬಣ್ಣ ಹಾಕಿ, ಕುತ್ತಿಗೆಯ ಕೆಳಗೆ ಒಂದು ನೀಲಿ ಕೋಟು ಅಂಟಿಸಿ, ಮೇಲೆ ಎರಡು ಪಾರಿವಾಳ ಬಿಡುತ್ತಾಳೆ. ವನಿತಾಳ ಕಂಪ್ಯೂಟರಿನಲ್ಲಿ ಇರುವುದು ಒಂದೇ ಕೋಟು. ಹಾಗಾಗಿ ತಾಲ್ಲೂಕಿನಲ್ಲಿ ಹತ್ತು ವರ್ಷದಿಂದ ಸತ್ತ ಗಂಡಸರೆಲ್ಲ, ಕುರಿ ಕಾಯುತ್ತಿದ್ದವರೂ ಸೇರಿ, ಒಂದೇ ನೀಲಿ ಕೋಟಿನಲ್ಲಿ ಕಂಬಕ್ಕೆ ನೇತಾಡಿದ್ದಾರೆ.

ಶಶಿರೇಖಳಿಗೆ ಬೇಕಾಗಿದ್ದದ್ದು ಆ ಅಂಗಡಿಯಲ್ಲಿ ಒಂದು ಕುರ್ಚಿ. ದಿನಾ ರೈಲಿನಲ್ಲಿ ಹೋಗಿ, ಕೂತು, ಎದುರಿಗೆ ಬಂದವರ ಮಾತು ಕೇಳಿ, ಅಲ್ಲೇ ಬರೆಯುವ ಕೆಲಸ. ಮನೆಯಲ್ಲಿ ಅನ್ನ ಬೇಯಿಸುವ ನಡುವೆ ಬರೆದ ಮುಖಗಳಲ್ಲಿ ಒಂದಿಬ್ಬರಿಗೆ ಸಾರಿನ ಕಲೆ ಬಿದ್ದಿತ್ತು. ಮನೆಯವರು ಅದನ್ನು ಮಚ್ಚೆ ಅಂತ ತಿಳಿದು ಒಪ್ಪಿಕೊಂಡು ಹೋಗಿದ್ದರು. ಆದರೆ ಕೇಳಿದಾಗಲೆಲ್ಲ ನಾಗೇಶ ಒಂದೇ ಮಾತು ಹೇಳುತ್ತಿದ್ದ: "ಪೆನ್ಸಿಲ್ ಕಾಲ ಓಯ್ತಕ್ಕಾ. ಕಂಪ್ಯೂಟರ್‌ನಾಗೆ ಮಾಡೋ ಅಂಗಿದ್ರೆ ಬಾ."

ಅವನ ಮನಸ್ಸು ತಿರುಗಿದ್ದು ಪೆದ್ದಮ್ಮನಿಂದ. ಪೆದ್ದಮ್ಮ ಬಂಗಾರಪೇಟೆ ಪಕ್ಕದ ಹಳ್ಳಿಯ ಮುದುಕಿ, ಎರಡು ಸೀಮೆಹಸು ಇಟ್ಟುಕೊಂಡಿದ್ದಾಳೆ. ಅವಳ ಗಂಡ ಸೀನಪ್ಪ ಹಿಂದೆ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ್ದವನು. ಅವನು ತೀರಿಕೊಂಡು ವರ್ಷ ಆಗುತ್ತಾ ಬಂದಿತ್ತು, ವರ್ಷದ ತಿಥಿಗೆ ಫ್ಲೆಕ್ಸ್ ಬೇಕಿತ್ತು. ಇದ್ದದ್ದು ಗಣಿಯ ಗುರುತಿನ ಚೀಟಿಯ ಫೋಟೋ ಒಂದೇ. ಅದರ ಮೇಲೆ ಯಾವನೋ ಗುಮಾಸ್ತ ಮುಖದ ಅರ್ಧಕ್ಕೆ ಸರಿಯಾಗಿ ಮೊಹರು ಒತ್ತಿದ್ದ. ವನಿತಾ ಸುಲಭದ ದಾರಿ ಹಿಡಿದಳು. ಚೆನ್ನಾಗಿದ್ದ ಅರ್ಧವನ್ನು ಕನ್ನಡಿಯಲ್ಲಿ ಹಿಡಿದ ಹಾಗೆ ತಿರುಗಿಸಿ ಇನ್ನೊಂದು ಕಡೆಗೆ ಅಂಟಿಸಿದಳು.

ಪೆದ್ದಮ್ಮ ಫ್ಲೆಕ್ಸ್ ಬಿಚ್ಚಿ ನೋಡಿ, ಅದನ್ನು ಹಾಗೇ ಸುತ್ತಿ ಮೇಜಿನ ಮೇಲೆ ಹಾಕಿದಳು.

"ಯಾರಮ್ಮಾ ಇವ್ನು?"

"ನಿಮ್ಮ ಯಜಮಾನರೇ ಅಲ್ವಾ ಅಜ್ಜಿ?" ಅಂದಳು ವನಿತಾ.

"ಇಷ್ಟು ಚೆಂದಾಗಿರೋನ ಜೊತೆ ನಾನು ಒಂದು ದಿನಾನೂ ಬಾಳಿಲ್ಲ. ನನ್ನ ಗಂಡಂಗೆ ಬಾಯಿ ಸೊಟ್ಟ. ಈ ಸುಂದ್ರಾಂಗನ್ನ ತಗಂಡೋಗಿ ಮನೆ ಮುಂದೆ ಕಟ್ಟಿದ್ರೆ ಊರು ಏನಂತದೆ?"

ನಾಗೇಶನಿಗೆ ಆಗ ಶಶಿರೇಖಳ ನೆನಪಾಯಿತು. ಜೊತೆಗೆ ಅಂಗಡಿಯಲ್ಲಿ ಮೂರು ವರ್ಷದಿಂದ ಬಿದ್ದಿದ್ದ ಒಂದು ಕಪ್ಪು ಹಲಗೆಯ ನೆನಪೂ ಆಯಿತು. ಅದು ಗ್ರಾಫಿಕ್ಸ್ ಟ್ಯಾಬ್ಲೆಟ್. ಅದರ ಮೇಲೆ ಅದರದೇ ಪೆನ್ನಿನಿಂದ ಬರೆದರೆ ಗೆರೆ ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತದೆ. ಒಂದು ಅಂಚಿನಲ್ಲಿ ಆರು ಬಟನ್ ಇರುತ್ತವೆ, ಒಂದೊಂದಕ್ಕೂ ನಮಗೆ ಬೇಕಾದ ಕೆಲಸ ಹಚ್ಚಬಹುದು. ಆಸೆಪಟ್ಟು ತಂದಿದ್ದನಂತೆ. ವನಿತಾ ಅದರ ಮೇಲೆ ಟೀ ಲೋಟ ಇಡುತ್ತಿದ್ದಳು. ಅದರ ಪೆಟ್ಟಿಗೆಯಲ್ಲಿದ್ದ ಸಿ.ಡಿ. ನಾಗೇಶನ ಕಂಪ್ಯೂಟರುಗಳಿಗೆ ಆಗುತ್ತಿರಲಿಲ್ಲ. ಗಿರಾಕಿಗಳ ಪೆನ್‌ಡ್ರೈವ್‌ಗಳಿಂದ ವೈರಸ್ ಬಂದು ಬಂದು ಬೇಸತ್ತು ಅವನು ಎಲ್ಲಕ್ಕೂ ವೈರಸ್ ಅಷ್ಟಾಗಿ ಹತ್ತದ ಲಿನಕ್ಸ್ ಅನ್ನುವ ಬೇರೆ ತಂತ್ರಾಂಶ ಹಾಕಿಸಿದ್ದ.

"ನೋಡಕ್ಕಾ," ಅಂದ ಶಶಿರೇಖಳನ್ನು ಅಂಗಡಿಗೆ ಕರೆಸಿ. "ಈ ಹಲಗೆ, ಈ ಹಳೇ ಲ್ಯಾಪ್‌ಟಾಪು ಎರಡೂ ಮನೆಗೆ ತಗಂಡೋಗು. ಲ್ಯಾಪ್‌ಟಾಪ್‌ನಾಗೂ ಅದೇ ಲಿನಕ್ಸ್ ಇದೆ. ಮುಂದಿನ ಸೋಮವಾರ ಪೆದ್ದಮ್ಮನ್ನ ಕರೀತೀನಿ. ಅವಳ ಎದುರಿಗೆ ಕೂತು ಸೀನಪ್ಪನ್ನ ಬರಿ. ಅವಳು ಊಂ ಅಂದ್ರೆ ಕುರ್ಚಿ ನಿಂದು. ಊಂಹೂಂ ಅಂದ್ರೆ ನನ್ನ ಮತ್ತೆ ಕೇಳ್ಬೇಡ."

ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದ ಕೂಡಲೇ ಪೆನ್ನು ಕೆಲಸ ಮಾಡಿತು. ಶಶಿರೇಖಳಿಗೆ ಇಷ್ಟೇನಾ ಅನ್ನಿಸಿತು. ತೊಂದರೆ ಶುರುವಾದದ್ದು ಅರ್ಧ ಗಂಟೆಯ ಮೇಲೆ. ಆರು ಬಟನ್‌ಗಳಿದ್ದದ್ದು ಹಲಗೆಯ ಎಡ ಅಂಚಿನಲ್ಲಿ. ಬಲಗೈಯವರಾದರೆ ಬಲಗೈಯಲ್ಲಿ ಬರೆದು ಎಡಗೈಯಲ್ಲಿ ಬಟನ್ ಒತ್ತುತ್ತಾರೆ. ಶಶಿರೇಖ ಎಡಗೈಯಲ್ಲಿ ಬರೆಯುವಾಗ ಅವಳ ಮೊಣಕೈ ಅವುಗಳ ಮೇಲೆ ಎಮ್ಮೆ ಮಲಗಿದ ಹಾಗೆ ಮಲಗುತ್ತಿತ್ತು. ಹಲಗೆಯನ್ನು ತಲೆಕೆಳಗಾಗಿ ತಿರುಗಿಸಿದಳು. ಬಟನ್‌ಗಳು ಬಲಕ್ಕೆ ಬಂದವು, ಆದರೆ ಹುಬ್ಬು ಬರೆಯಲು ಹೋದರೆ ಗೆರೆ ಗದ್ದದಲ್ಲಿ ಮೂಡಿತು. ಆ ಸಂಜೆ ಅವಳು ಬರೆದ ಮುಖಕ್ಕೆ ಮೀಸೆ ಹಣೆಯ ಮೇಲಿತ್ತು.

ಮರುದಿನ ಅವಳು ಸೆಟ್ಟಿಂಗ್ಸ್ ತೆರೆದು ಮೇಲಿನಿಂದ ಕೆಳಗಿನ ತನಕ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಅವಳ ಇಂಗ್ಲಿಷು ಹತ್ತನೇ ತರಗತಿಯದು, ನಿಧಾನ. ಪಟ್ಟಿಯ ಕೆಳಗಡೆ ಟ್ಯಾಬ್ಲೆಟ್‌ನದೇ ಒಂದು ಪುಟ ಸಿಕ್ಕಿತು. ಅದರಲ್ಲಿ 'ಎಡಗೈ' ಅನ್ನುವ ಅರ್ಥ ಬರುವ ಒಂದು ಸಾಲು, ಅದರ ಪಕ್ಕದಲ್ಲಿ ಒಂದು ಸ್ವಿಚ್ಚು. ಒತ್ತಿದಳು. ಹಣೆ ಹಣೆಯಲ್ಲಿ, ಗದ್ದ ಗದ್ದದಲ್ಲಿ. ನೀನು ಎಡಗೈಯವಳಾ ಅಂತ ಬೈಯದೆ, ಸುಮ್ಮನೆ ತಿಳಿದುಕೊಳ್ಳಲು ಒಬ್ಬರು ಕೇಳಿದ್ದು ಅವಳ ಜನ್ಮದಲ್ಲೇ ಅದು ಮೊದಲು. ಸ್ವಲ್ಪ ಹೊತ್ತು ಆ ಸ್ವಿಚ್ಚನ್ನೇ ನೋಡುತ್ತಾ ಕೂತಳು.

ಅದೇ ಪುಟದಲ್ಲಿ ಬಟನ್‌ಗಳಿಗೆ ಕೆಲಸ ಹಚ್ಚುವ ಜಾಗವೂ ಇತ್ತು. ಪರದೆಯ ಮೇಲೆ ಹಲಗೆಯ ಚಿತ್ರ ಬರುತ್ತದೆ. ಒಂದು ಬಟನ್ ಆರಿಸಿ, ಅದು ಕೀಬೋರ್ಡಿನ ಯಾವ ಕೀಲಿಯ ಕೆಲಸ ಮಾಡಬೇಕೋ ಆ ಕೀಲಿಯನ್ನು ಒಂದು ಸಲ ಒತ್ತಿ ತೋರಿಸಬೇಕು. ಅಷ್ಟೇ. ಶಶಿರೇಖ ಹುಮ್ಮಸ್ಸಿನಲ್ಲಿ ಆರಕ್ಕೂ ಆರು ಕೆಲಸ ಹಚ್ಚಿದಳು. ಕೊನೆಯ ಗೆರೆ ರದ್ದು ಮಾಡುವುದು, ಉಳಿಸುವುದು, ರಬ್ಬರ್, ಗೆರೆ ದಪ್ಪ, ಗೆರೆ ಸಣ್ಣ, ಚಿತ್ರ ಹತ್ತಿರ. ಆಮೇಲೆ ಯಾವುದು ಯಾವುದೆಂದು ಮರೆತಳು. ರದ್ದು ಮಾಡಲು ಹೋಗಿ ಉಳಿಸಿದಳು, ಉಳಿಸಲು ಹೋಗಿ ರದ್ದು ಮಾಡಿದಳು. ಚೆನ್ನಾಗಿ ಬಂದಿದ್ದ ಒಂದು ಮೂಗು ಹೀಗೆ ಎರಡು ಸಲ ಸತ್ತಿತು.

ಅವಳು ಹಲ್ಲು ಕಡಿಯುವುದನ್ನು ಅವಳ ಮಾವ ಜಯರಾಮಪ್ಪ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಾ ನೋಡುತ್ತಿದ್ದ. ಗಣಿ ಮುಚ್ಚುವ ತನಕ ಅವನು ಶಾಫ್ಟ್ ಅನ್ನುವ ನೆಟ್ಟಗಿಳಿಯುವ ಸುರಂಗದ ಬೆಲ್‌ಮನ್. ನೆಲದೊಳಗಿನ ಪಾತಾಳದಲ್ಲಿ ನಿಂತು, ಕೇಜು ಅನ್ನುವ ಕಬ್ಬಿಣದ ಪೆಟ್ಟಿಗೆಗೆ ಆಳುಗಳನ್ನು ಹತ್ತಿಸಿ, ಮೇಲಿರುವ ಇಂಜಿನ್ನಿನವನಿಗೆ ಗಂಟೆ ಹೊಡೆದು ಹೇಳುವ ಕೆಲಸ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಅವನು ಇವತ್ತಿಗೂ ಬಾಗಿಲು ತಟ್ಟುವುದು ಮೂರೇ ಸಲ, ಆಳುಗಳು ಹತ್ತುತ್ತಿದ್ದಾರೆ ಅನ್ನುವ ಲೆಕ್ಕದಲ್ಲಿ.

"ಲೇ ಶಶೀ, ನಿನ್ನ ಗಂಟೆ ಜೋಡ್ಸಿರೋದೇ ತಪ್ಪು ಕಣಮ್ಮಿ," ಅಂದ.

"ಇದು ಗಂಟೆ ಅಲ್ಲ ಮಾವಾ, ಬಟನ್ನು."

"ಒತ್ತಿದ್ರೆ ಇನ್ನೆಲ್ಲೋ ಏನೋ ಆಗ್ತದಲ್ಲ? ಗಂಟೇನೇ ಅದು. ನಮ್ಮ ಕೋಡ್‌ನಾಗೆ ಒಂದು ಒಡದ್ರೆ ನಿಲ್ಸು. ಎರಡು ಒಡದ್ರೆ ಇಳ್ಸು. ಮೂರು ಒಡದ್ರೆ ಆಳು ಅತ್ತಾವ್ರೆ, ಉಷಾರು. ನಿಲ್ಸು ಅನ್ನೋದು ಯಾಕೆ ಒಂದೇ ಏಟು ಗೊತ್ತಾ? ಪ್ರಾಣ ಓಗೋವಾಗ ಎಣ್ಸಕ್ಕೆ ಟೈಮಿರಲ್ಲ."

ಶಶಿರೇಖ ಹೌದಲ್ಲ ಅಂದುಕೊಂಡಳು. ಹೆಬ್ಬೆರಳು ತಾನಾಗಿ ಬೀಳುವ ಜಾಗದ ಬಟನ್ನಿಗೆ, ಮಾವನ 'ನಿಲ್ಸು' ಇದ್ದ ಹಾಗೆ, ರದ್ದು ಹಚ್ಚಿದಳು. ಅದರ ಪಕ್ಕದ್ದಕ್ಕೆ ರಬ್ಬರ್. ಮೂರು, ನಾಲ್ಕು ಗೆರೆಯ ದಪ್ಪಕ್ಕೆ. ಐದಕ್ಕೆ ಚಿತ್ರ ಹತ್ತಿರ.

"ಆರನೇದ್ಕೆ ಮಾವಾ?"

"ಅದನ್ನ ಖಾಲಿ ಬಿಡು. ಕೈ ಇಟ್ಕೊಳ್ಳಕ್ಕೂ ಒಂದು ಜಾಗ ಬೇಕಲ್ಲ. ಎಲ್ಲಾದ್ಕೂ ಕೆಲ್ಸ ಕೊಟ್ರೆ ಯಾವ್ದಾದ್ರೂ ಒಂದು ನಿನ್ನ ಮುಳುಗಿಸ್ತದೆ."

ಉಳಿದ ದಿನಗಳಲ್ಲಿ ಅವನು ಬೆಳ್ಳುಳ್ಳಿ ಬಿಡಿಸುತ್ತಾ ಕೂಗುವುದು, ಅವಳು ನೋಡದೆ ಒತ್ತುವುದು. "ರಬ್ರು! ನಿಲ್ಸು! ದಪ್ಪ! ನಿಲ್ಸು ಅಂದ್ನಲ್ಲಮ್ಮಿ, ಆರು ಜನ ಸತ್ರು ಈಗ!" ಎರಡನೆಯ ದಿನ ಪಕ್ಕದ ಮನೆಯ ಸೆಲ್ವರಾಜ್ ಗೋಡೆಯಾಚೆಯಿಂದ ತನ್ನ ತಮಿಳು ಬೆರೆತ ಕನ್ನಡದಲ್ಲಿ, "ಎನ್ನ ತಾತಾ, ಮೈನ್ಸ್ ತಿರುಗಾ ಓಪನ್ ಆಯ್ತಾ?" ಅಂತ ಕೇಳಿದ. ಭಾನುವಾರದ ಹೊತ್ತಿಗೆ ಶಶಿರೇಖಳ ಬೆರಳುಗಳಿಗೆ ಕಣ್ಣು ಬಂದಿತ್ತು.

ಸೋಮವಾರ ಅವಳು ಹಲಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟಳು, ಅಂಗಡಿಯಲ್ಲಿ ಹೇಗೂ ದೊಡ್ಡ ಕಂಪ್ಯೂಟರ್ ಇದೆಯಲ್ಲ ಅಂತ. ಜಯರಾಮಪ್ಪನನ್ನು ಯಾರೂ ಕರೆದಿರಲಿಲ್ಲ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟೇಷನ್ನಿನಲ್ಲಿ ಮೊದಲೇ ನಿಂತಿದ್ದ. ಸೀನಪ್ಪ ತನ್ನ ಕೇಜಿನಲ್ಲಿ ಇಳಿಯುತ್ತಿದ್ದವನು, ಮುಖ ಸರಿಯಾಗಿದೆಯಾ ಅಂತ ಹೇಳಲು ತಾನೇ ಬೇಕು ಅನ್ನುವುದು ಅವನ ವಾದ.

ಅಂಗಡಿಯಲ್ಲಿ ಪೆದ್ದಮ್ಮ ಸ್ಟೂಲಿನ ಮೇಲೆ ಕಾಲು ಮಡಚಿ ಕೂತಿದ್ದಳು. ಮಧ್ಯಾಹ್ನದ ಹಾಲು ಕರೆಯುವ ಹೊತ್ತಿಗೆ ತಾನು ಹೊರಡಲೇಬೇಕು ಅಂತ ಬಂದಾಗಲೇ ಹೇಳಿದ್ದಳಂತೆ. ವನಿತಾ ತನ್ನ ಕುರ್ಚಿಯಿಂದ ಮುಖ ಗಂಟಿಕ್ಕಿಕೊಂಡು ಎದ್ದಳು. ಶಶಿರೇಖ ಕೂತು, ಹಲಗೆಯನ್ನು ತನಗೆ ಬೇಕಾದ ಹಾಗೆ ತಿರುಗಿಸಿ ಇಟ್ಟು, ತಂತಿ ಸಿಕ್ಕಿಸಿ, ಸೀನಪ್ಪನ ಹಣೆಯ ಮೇಲೆ ಮೊದಲ ಗೆರೆ ಎಳೆದಳು.

ಗೆರೆ ಗದ್ದದಲ್ಲಿ ಮೂಡಿತು.

ಹೆಬ್ಬೆರಳು ತಾನಾಗಿ ರದ್ದಿನ ಬಟನ್ ಒತ್ತಿತು. ಏನೂ ಆಗಲಿಲ್ಲ. ಇನ್ನೊಂದು ಸಲ ಒತ್ತಿದಳು. ಆರನ್ನೂ ಒತ್ತಿದಳು. ಆರೂ ಸತ್ತು ಮಲಗಿದ್ದವು.

"ಅಯ್ಯಯ್ಯೋ, ಗಡ್ಡ ಬಿಡಿಸ್ತಾವ್ಳೇನು?" ಅಂದಳು ಪೆದ್ದಮ್ಮ.

"ಮನೇಲಿ ನೀರು ಗೀರು ಚೆಲ್ಲಿದ್ರಾ ಅಕ್ಕಾ ಅದರ ಮೇಲೆ?" ವನಿತಾ ಕೇಳಿದಳು. ಮೂರು ವರ್ಷ ಅದರ ಮೇಲೆ ಟೀ ಇಟ್ಟವಳು.

ಶಶಿರೇಖ ಹಲಗೆಯನ್ನು ತಿರುವಿ ನೋಡಿದಳು. ತಂತಿ ಕಿತ್ತು ಸಿಕ್ಕಿಸಿದಳು. ಒರೆಸಿದಳು. ಒಂದು ವಾರ ಜೋಡಿಸಿದ್ದೆಲ್ಲ ಹಲಗೆಯೊಳಗೆ ಇದೆ ಅಂತಲೇ ಅವಳು ನಂಬಿದ್ದಳು, ಡಬ್ಬಿಗೆ ತುಂಬಿದ ಅಕ್ಕಿಯ ಹಾಗೆ. ಹೊತ್ತುಕೊಂಡು ಬಂದರೆ ಜೊತೆಗೇ ಬರಬೇಕಲ್ಲ? ರೈಲಿನಲ್ಲಿ ಎಲ್ಲಿ ಚೆಲ್ಲಿಹೋಯಿತು? ನಾಗೇಶ ಗಡಿಯಾರ ನೋಡಿದ.

"ಮಾವಾ, ಎಲ್ಲಾ ಹೋಯ್ತು," ಅಂದಳು ಸಣ್ಣ ದನಿಯಲ್ಲಿ.

ಜಯರಾಮಪ್ಪ ಟೀ ಕುಡಿಯುತ್ತಾ ಸೀನಪ್ಪನ ಚೀಟಿಯನ್ನು ತಿರುಗಿಸಿ ನೋಡುತ್ತಿದ್ದ. "ಏನು ಓಯ್ತು?"

"ಜೋಡ್ಸಿದ್ದ ಬಟನ್ನು. ಹಲಗೇಲಿ ಒಂದೂ ಇಲ್ಲ."

"ಅಲಗೇಲಿ ಯಾಕಿರ್ತದೆ?" ಅವನಿಗೆ ನಿಜಕ್ಕೂ ಆಶ್ಚರ್ಯ. "ಕೋಡು ಗಂಟೇಲಿ ಇರ್ತದೇನಮ್ಮಿ? ಗಂಟೆ ಢಣ್ ಅನ್ನೋದಷ್ಟೇ. ಒಂದಂದ್ರೆ ನಿಲ್ಸು ಅನ್ನೋದು ಮೇಲೆ ಕೂತಿರೋ ಇಂಜಿನ್ನೋನ ತಲೇಲಿ ಇರೋದು. ಒಂದ್ಸಲ ರಜಾದ ಮೇಲೆ ಓಗಿದ್ದ ಇಂಜಿನ್ನೋನ ಜಾಗಕ್ಕೆ ಒಸಬನ್ನ ಕೂರ್ಸಿದ್ರು. ಅವ್ನಿಗೆ ಕೋಡು ಗೊತ್ತಿಲ್ಲ. ನಾನು ಕೆಳಗಿಂದ ಒಡದೆ ಒಡದೆ, ಅವ್ನು ಮೇಲೆ ಬೀಡಿ ಸೇದ್ತಾವ್ನೆ."

ಶಶಿರೇಖ ಅವನ ಮುಖ ನೋಡಿದಳು, ಕಂಪ್ಯೂಟರನ್ನು ನೋಡಿದಳು. ಮನೆಯ ಲ್ಯಾಪ್‌ಟಾಪು ಹಳೆಯ ಇಂಜಿನ್ನಿನವನು. ಇವನು ಹೊಸಬ. ಇವನಿಗೆ ಯಾರೂ ಹೇಳಿಯೇ ಇಲ್ಲ.

"ಹತ್ತು ನಿಮಿಷ ಕೊಡಿ," ಅಂದಳು. ಅಷ್ಟು ಜೋರಾಗಿ ಅವಳು ಆ ಅಂಗಡಿಯಲ್ಲಿ ಎಂದೂ ಮಾತಾಡಿರಲಿಲ್ಲ.

ಸೆಟ್ಟಿಂಗ್ಸ್ ತೆರೆದಳು. ಟ್ಯಾಬ್ಲೆಟ್ ಪುಟ ಸಿಕ್ಕಿತು. ಎಡಗೈ ಸ್ವಿಚ್ಚು ಒತ್ತಿದಳು. ರದ್ದು ಸರಿಯಾಗಿ ಕೂತಿತು. ರಬ್ಬರಿಗೆ ಅಂತ ಇಂಗ್ಲಿಷಿನ ಇ ಕೀಲಿ ಒತ್ತಿದರೆ ಪರದೆಯ ಚೌಕದಲ್ಲಿ ಆ ಅಕ್ಷರ ಬರಲಿಲ್ಲ, ಕನ್ನಡದಲ್ಲಿ ಕಾ ಬರೆಯುವಾಗ ಹಾಕುವ ದೀರ್ಘ ಒಂದೇ ಬಂದು ನಿಂತಿತು. ಅಳಿಸಿ ಮತ್ತೆ ಒತ್ತಿದಳು. ಮತ್ತೆ ಅದೇ ದೀರ್ಘ. ಹಿಂದೆ ನಿಂತಿದ್ದ ವನಿತಾ ಮೂರು ಸಲ ನೋಡುವ ತನಕ ತಡೆದುಕೊಂಡಳು.

"ಕನ್ನಡದಲ್ಲಿದೆ ಅಕ್ಕಾ ಕೀಬೋರ್ಡು. ನಾನು ಬೆಳಿಗ್ಗೆ ಗೃಹಪ್ರವೇಶದ ಕಾರ್ಡ್ ಟೈಪ್ ಮಾಡ್ತಿದ್ದೆ." ಕೈ ಚಾಚಿ ಎರಡು ಕೀಲಿ ಒಟ್ಟಿಗೆ ಒತ್ತಿ ಇಂಗ್ಲಿಷಿಗೆ ತಿರುಗಿಸಿದಳು. "ಬೇಗ ಮುಗಿಸಿ, ಆ ಕಾರ್ಡು ಇನ್ನೂ ಬಾಕಿ ಇದೆ." ದಯೆಯಿಂದ ಮಾಡಿದಳೋ ತನ್ನ ಕುರ್ಚಿ ಬೇಗ ಸಿಗಲಿ ಅಂತ ಮಾಡಿದಳೋ ನನಗೆ ಗೊತ್ತಿಲ್ಲ. ಕೇಳಲು ಧೈರ್ಯ ಆಗಲಿಲ್ಲ.

ಐದು ಬಟನ್ ಕೂತವು. ಆ ಹತ್ತು ನಿಮಿಷ ಪೆದ್ದಮ್ಮ ಸುಮ್ಮನೆ ಇರಲಿಲ್ಲ, ಜಯರಾಮಪ್ಪನೂ ಸುಮ್ಮನೆ ಇರಲಿಲ್ಲ.

"ನಿನ್ನ ಗಂಡ ಕೇಜ್‌ನಾಗೆ ನಿಂತ್ಕಂಡೇ ನಿದ್ದೆ ಮಾಡ್ತಿದ್ದ ಪೆದ್ದಮ್ಮೋ."

"ಮನೇಲಿ ಕೂತ್ಕಂಡು ಮಾಡ್ತಿದ್ದ. ಮಲಗಿದ್ಮೇಲೆ ಮಾತ್ರ ಎದ್ದು ಎಲೆಅಡಿಕೆ ಉಡುಕೋನು."

"ಅದ್ಕೇ ಬಾಯಿ ಸೊಟ್ಟ ಆಗಿದ್ದು."

"ಇಲ್ಲಣ್ಣೋ, ಎಲೆಅಡಿಕೆ ಎಡದವಡೇಲಿ ಇಟ್ಕಂಡು ಬಲಗಡೆಯಿಂದ ಸುಳ್ಳು ಏಳೋನು. ಅಂಗೇ ನಿಂತೋಯ್ತು ಬಾಯಿ."

ಶಶಿರೇಖ ಅಷ್ಟು ಹೊತ್ತಿಗೆ ಬರೆಯಲು ಶುರು ಮಾಡಿದ್ದಳು. ಎಡದವಡೆ ಉಬ್ಬಿತು. ಬಾಯಿಯ ಬಲತುದಿ ಒಂಚೂರು ಮೇಲಕ್ಕೆ ಹೋಯಿತು. ಜಾಸ್ತಿಯಾಯಿತು, ರದ್ದು. ಕಡಿಮೆಯಾಯಿತು, ರದ್ದು. ಮೂರನೆಯ ಸಲ ಗೆರೆ ಸರಿಯಾಗಿ ಕೂತಿತು. ಮೊಹರಿನ ಕೆಳಗೆ ಎಷ್ಟೋ ವರ್ಷ ಮುಚ್ಚಿಹೋಗಿದ್ದ ಕಣ್ಣನ್ನು ಅವಳು ಇನ್ನೊಂದು ಕಣ್ಣಿನ ಹಾಗೆ ಬರೆಯಲಿಲ್ಲ, ಸ್ವಲ್ಪ ಕಿರಿದಾಗಿ, ಸುಳ್ಳು ಹೇಳುವವರ ಕಣ್ಣಿನ ಹಾಗೆ ಬರೆದಳು. ಕಣ್ಣು ಪರದೆಯನ್ನು ಬಿಟ್ಟು ಬೇರೆ ಏನನ್ನೂ ಹುಡುಕಲಿಲ್ಲ. ಗೋಡೆಗೆ ಒರಗಿದ್ದ ನಾಗೇಶ ಯಾವಾಗಲೋ ಹತ್ತಿರ ಬಂದು ನಿಂತಿದ್ದ.

ಅವಳು ಚಿತ್ರವನ್ನು ದೊಡ್ಡದು ಮಾಡಿ ಪೆದ್ದಮ್ಮನ ಕಡೆ ತಿರುಗಿಸಿದಳು. ಪೆದ್ದಮ್ಮ ಸ್ಟೂಲಿನಿಂದ ಇಳಿದು, ಪರದೆಯ ಹತ್ತಿರ ಮುಖ ತಂದು, ನೋಡಿದಳು.

"ಥೂ, ನಿನ್ನ ಮಕಕ್ಕೆ," ಅಂದಳು ಪೆದ್ದಮ್ಮ. "ಕೊಟ್ಟಿಗೆ ಸೂರಿಗೆ ತಗಡು ಆಕ್ತೀನಿ ಆಕ್ತೀನಿ ಅಂತ ಇಪ್ಪತ್ತು ವರ್ಷ ಏಳಿ ಏಳಿ ಸತ್ತೋದ್ಯಲ್ಲೋ ಸೋಂಬೇರಿ! ನಿನ್ನೆ ಮಳೇಗೂ ಸೋರ್ತು!"

ನಾಗೇಶ ಗಾಬರಿಯಾಗಿ, "ಏನಜ್ಜಿ, ಸರಿ ಇಲ್ವಾ?" ಅಂದ.

ಪೆದ್ದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸರಿ ಇಲ್ದಿದ್ರೆ ನಾನು ಯಾಕೆ ಬೈತೀನಿ? ಆ ಸುಂದ್ರಾಂಗನ್ನ ಬೈದ್ನಾ?" ಆಮೇಲೆ ವನಿತಾಳ ಕಡೆ ತಿರುಗಿ, "ಆ ನೀಲಿ ಕೋಟು ಗೀಟು ಆಕ್ಬೇಡ ಕಣಮ್ಮ. ಬನೀನು ಸಾಕು. ಪಾರಿವಾಳ ಬೇಕಾದ್ರೆ ಒಂದು ಬಿಡು," ಅಂದು ಹಾಲು ಕರೆಯುವ ಹೊತ್ತಾಯಿತು ಅಂತ ಹೊರಟುಹೋದಳು.

ನಾಗೇಶ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಎರಡನೆಯ ಕಂಪ್ಯೂಟರಿನ ಮುಂದೆ ಇಟ್ಟ. ಅದರ ಒಂದು ಕೈ ಮುರಿದಿತ್ತು, ಬಲಗೈ. ಶಶಿರೇಖಳಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. "ನಾಳೆಯಿಂದ ಬಾರಕ್ಕಾ. ಆದ್ರೆ ವನಿತಾ ಕಂಪ್ಯೂಟರ್‌ನಾಗೆ ಆ ಎಡಗೈ ಗಿಡಗೈ ಎಲ್ಲಾ ತೆಗ್ದು ಮೊದಲಿದ್ದಂಗೆ ಮಾಡು. ಇಲ್ದಿದ್ರೆ ಇವಳು ನನ್ನ ಬಿಡಲ್ಲ."

ಎರಡನೆಯ ಕಂಪ್ಯೂಟರಿಗೂ ಕೋಡು ಗೊತ್ತಿಲ್ಲ, ಅದಕ್ಕೂ ಮೊದಲಿನಿಂದ ಹೇಳಿಕೊಡಬೇಕು ಅಂತ ಶಶಿರೇಖಳಿಗೆ ಆಗಲೇ ಗೊತ್ತಿತ್ತು. ಅವಳು ಹಲಗೆಯನ್ನು ಅಲ್ಲೇ ಬಿಟ್ಟು, ಅದರ ಮೇಲೆ ಯಾರೂ ಲೋಟ ಇಡದ ಹಾಗೆ ಟವೆಲ್ಲು ಹೊದಿಸಿ ಬಂದಳು.

ಇಷ್ಟೇ ನನಗೆ ಗೊತ್ತಿರುವುದು. ಮೀಸೆ ಹಣೆಯ ಮೇಲೆ ಬಂದದ್ದನ್ನು ಬರೆಯಬೇಡ ಅಂತ ಶಶಿರೇಖಕ್ಕ ಹೇಳಿದ್ದರು, ಆದರೂ ಬರೆದಿದ್ದೇನೆ. ನಾಳೆ ಅವರು ಕೆಲಸದಿಂದ ಬಂದ ಮೇಲೆ ಇದನ್ನು ಓದಿ ಹೇಳುತ್ತೇನೆ, ಅವರು ತೆಗೆ ಅಂದ ಸಾಲುಗಳನ್ನು ತೆಗೆದು ಹೊಸ ಹಾಳೆಯಲ್ಲಿ ಇನ್ನೊಂದು ಸಲ ಬರೆಯುತ್ತೇನೆ.